ಸಾಲು ಹದಿನಾಲ್ಕು

ವಿಮಾನದಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು
ಸಿದ್ದಾಪುರದ ಸಂತೆಯಲ್ಲಿ ಯಾರಾದರೂ ಕೇಳಿದರೆ
ತೂತು ಕೊರೆಯುತ್ತಿದ್ದೆ ಎನ್ನುತ್ತೇನೆ.
ನಗುತ್ತಾರೆ. ಒಣಮೀನು ತೂಗುವವನೂ ತಕ್ಕಡಿ ಹಿಡಿದು ನಗುತ್ತಾನೆ.

ಸಾಲದ್ದಕ್ಕೆ ನನ್ನ ಹೆಸರು ಬಿದ್ದಪ್ಪ.
ಹುಬ್ಬಳ್ಳಿ ಕಡೆಯ ಫೋರ್‌ಮನ್ ಮೊದಲ ದಿನ ಹಾಜರಿ ಕೂಗಿ
ಕನ್ನಡಕ ತೆಗೆದು ನೋಡಿದ:
‘ವಿಮಾನದ ಕೆಲಸಕ್ಕ ಬ್ಯಾರೆ ಹೆಸರಿನವರು ಸಿಗಲಿಲ್ಲೇನಪಾ?’
ಅಜ್ಜನ ಹೆಸರು, ಸಾರ್, ಎಂದೆ.
ಅಜ್ಜ ಐರಿ. ಕುಲುಮೆಯಲ್ಲಿ ಪೀಚೆಕತ್ತಿ ಬಡಿದವನು.
ಒಂದು ಏಟು ಹೆಚ್ಚಾದರೂ ಕಬ್ಬಿಣ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದ.
ಅಲ್ಯೂಮಿನಿಯಂ ಮುನಿಸಿಕೊಳ್ಳುವುದಿಲ್ಲ,
ಸುಮ್ಮನೆ ಬಿರುಕು ಬಿಡುತ್ತದೆ,
ಹತ್ತು ವರ್ಷ ಬಿಟ್ಟು, ನೀವು ರಿಟೈರಾದ ಮೇಲೆ.

ಆ ಜೆಟ್ಟು ಹತ್ತೊಂಬತ್ತು ವರ್ಷ ಜನರನ್ನು ಹೊತ್ತಿತ್ತು.
ನೌಕಾಪಡೆ ಕೊಂಡ ಮೇಲೆ ನಮ್ಮ ಹ್ಯಾಂಗರಿಗೆ ಬಂತು,
ಮದುವೆ ಮುಗಿದ ಚಪ್ಪರದ ಹಾಗೆ.
ಒಳಗಿನ್ನೂ ಕಾಫಿಯ ವಾಸನೆ. ನಮ್ಮದಲ್ಲ, ಸ್ಯಾಚೆಯದು.
ಸೀಟು ಕಿತ್ತೆವು. ಅಡಿಯಲ್ಲಿ ಸಿಕ್ಕಿದ್ದು
ಮಗುವಿನ ಒಂಟಿ ಕಾಲುಚೀಲ, ಹೇರ್‌ಪಿನ್ನು, ಏಲಕ್ಕಿ ಸಿಪ್ಪೆ,
ಯಾರೋ ತುಂಬಿ ಮುಗಿಸದ ಕಾರ್ಡು:
ವಿಳಾಸದ ಜಾಗದಲ್ಲಿ ಬರೀ ‘ಸಮುದ್ರದ ಹತ್ತಿರ’.

ಕಿಟಕಿಗಳಿಗೆ ತಗಡು ಹೊಡೆಯುವುದು ನನ್ನ ಪಾಲಿಗೆ ಬಂತು.
ಕಿಟಕಿ ಸೀಟಿಗೆ ಜಗಳವಾಡಿದವರೆಲ್ಲ ಈಗ ಎಲ್ಲಿದ್ದಾರೋ.
ಉಳಿಸಿದ್ದು ಎರಡೇ, ಎಡಕ್ಕೊಂದು ಬಲಕ್ಕೊಂದು;
ಅವಕ್ಕೂ ಹೊರಗುಬ್ಬಿದ ಗಾಜು ಕೂರಿಸಿದೆವು,
ಹಣೆ ಆನಿಸಿ ಕೆಳಗೆ, ನೇರ ಕೆಳಗೆ ನೋಡಲು.
ಮೋಡದ ಮೇಲೆ ಬೆಳೆದದ್ದಕ್ಕೆ
ನೀರು ನೋಡಲು ಕಲಿಸಿದೆವು.

ಹೊಟ್ಟೆಯಲ್ಲಿ ತೂತು. ಅದೇ ನನ್ನ ತೂತು.
ಅದರಿಂದ ಮೈಕು ಕಟ್ಟಿದ ಬುರುಡೆಗಳು ಕಡಲಿಗೆ ಬೀಳುತ್ತವೆ,
ಅಲೆಯ ಮೇಲೆ ಕೂತು
ದಾರ ಬಿಟ್ಟು ಕಿವಿಯನ್ನು ಆಳಕ್ಕೆ ಇಳಿಸುತ್ತವೆ.
ಊಟದ ಟ್ರಾಲಿ ನಿಲ್ಲುತ್ತಿದ್ದಲ್ಲಿ ನಾಲ್ಕು ಪರದೆ, ನಾಲ್ಕು ಹೆಡ್‌ಫೋನು.
ಜಲಾಂತರ್ಗಾಮಿ ಹೇಗೆ ಕೇಳಿಸುತ್ತದೆ ಎಂದು
ಲೆಫ್ಟಿನೆಂಟ್ ಸುಲಗ್ನಾರನ್ನು ಒಮ್ಮೆ ಕೇಳಿದೆ.
‘ಒಳ್ಳೆಯದಾದರೆ ಕೇಳಿಸುವುದೇ ಇಲ್ಲ.
ಸುತ್ತ ಸಿಗಡಿಗಳ ಚಟಪಟ ಇರುತ್ತದೆ.
ಒಂದು ಕಡೆ ಮಾತ್ರ ಇಲ್ಲದಿದ್ದರೆ
ಅಲ್ಲಿ ಏನೋ ಇದೆ.’

ನಮ್ಮ ಮಾಲ್ದಾರೆಯಲ್ಲಿ ಅದಕ್ಕೆ ಆನೆ ಅನ್ನುತ್ತಾರೆ ಮೇಡಂ,
ಎನ್ನಬೇಕೆಂದಿದ್ದೆ. ಅನ್ನಲಿಲ್ಲ.

ಈಗ ರಾತ್ರಿ ಹನ್ನೊಂದು. ಬಳಂಜಿ ಮರದ ಅಟ್ಟಣೆ.
ಕಾಫಿ ಗಿಡಗಳ ಮೇಲೆ ಮಂಜು ಮಟ್ಟಸ ನಿಂತಿದೆ.
ಹರಾಜಿನಲ್ಲಿ ಸಾವಿರದಿನ್ನೂರಕ್ಕೆ ಹಿಡಿದ ಮೂರು ಸೀಟಿನ ತುಂಡು,
ಸಾಲು ಹದಿನಾಲ್ಕು, ಎ ಬಿ ಸಿ,
ಲಾರಿಯಲ್ಲಿ ಬಂತು; ಹಗ್ಗ ಹಾಕಿ ನಾನೂ ಬೊಳಕನೂ ಮೇಲೆಳೆದೆವು.
ಮೂವತ್ತೈದು ಸಾವಿರ ಅಡಿಯಿಂದ
ಇಪ್ಪತ್ತೆರಡು ಅಡಿಗೆ.

ಬೊಳಕನಿಗೆ ಕಿಟಕಿಯ ಪಕ್ಕದ್ದೇ ಬೇಕು,
ಕಿಟಕಿಯೇ ಇಲ್ಲವಲ್ಲೋ ಎಂದರೂ.
ಬಿ ನನ್ನದು. ಸಿಯಲ್ಲಿ ಕಂಬಳಿ.
ಸೀಟಿನ ಮೇಲೆ ಅಚ್ಚಾದದ್ದನ್ನು ನನ್ನಿಂದ ಓದಿಸಿದ:
ಜೀವರಕ್ಷಕ ಅಂಗಿ ನಿಮ್ಮ ಆಸನದ ಕೆಳಗಿದೆ.
ಬಗ್ಗಿ ನೋಡಿದ. ಪಟಾಕಿ, ಟಾರ್ಚು, ಎಲೆಯಡಿಕೆ ಚೀಲ.
‘ಸರಿಯಾಗೇ ಬರೆದಿದ್ದಾರೆ.’

ಇಲಾಖೆಯ ಮೆಸೇಜು: ಕಾಲರ್ ಹಾಕಿದ ಹೆಣ್ಣು
ಕಂದಕ ದಾಟಿದೆ, ಜೊತೆಗೆ ಏಳು.
ತೋಟ ತುಂಬ ಜೀರುಂಡೆ. ಕೆರೆಯ ಕಡೆ ಕಪ್ಪೆ.
ಕಣ್ಣು ಮುಚ್ಚಿ ಕೂತೆ.
ಬಲಕ್ಕೆ, ಪಂಪ್‌ಹೌಸಿನಾಚೆ,
ಜೀರುಂಡೆಯ ಸದ್ದಿನಲ್ಲಿ
ಒಂದು ತೂತು.

ಬೊಳಕನನ್ನು ತಿವಿದೆ.
ಅವನಿಗೆ ಆಗಲೇ ಗೊತ್ತಿತ್ತು;
ಬೆಲ್ಟು ಎಳೆದು ಹಾಕಿಕೊಳ್ಳುತ್ತಿದ್ದ.
ಟಕ್.

ಕತ್ತಲಲ್ಲಿ ಬೀಸುತ್ತಿದ್ದ ಕಿವಿಯೊಂದು
ಬೀಸುವುದನ್ನು ನಿಲ್ಲಿಸಿತು.